ಬಾಗಿಲಲ್ಲಿ ನಿಂತ ಪರದೇಶಿ

ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪವಾಗಿರುವ ಕುಬಟೂರನ್ನು ನಮ್ಮ ಹಿರಿಯರು ಕುಂತಳನಗರವೆಂದು ಕರೆದು, ಚಂದ್ರಹಾಸನು ಆಳಿದ ಪಟ್ಟಣವು ಇದೇ ಎಂದು ನಂಬಿಕೊಂಡು ಬಂದಿರುವರು. ಈ ನಂಬಿಕೆಯು ಇತಿಹಾಸದ ಒರೆಗಲ್ಲಿನ ಮುಂದೆ ನಿಲ್ಲುವುದೋ ಇಲ್ಲವೋ ಎಂಬ ಚರ್ಚೆಗೆ ನಾವು ಈಗ ಕೈಹಾಕುವುದಿಲ್ಲ. ಆದರೆ ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರೂ, ರಾತ್ರಿಯೆಲ್ಲ ಕುಳಿತು ಬಯಲಾಟ ನೋಡಿ ಬೆಳೆದವರೂ ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಚಂದ್ರಹಾಸನು ಈ ನಾಡಿನವನಲ್ಲ. ಕೇರಳದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಶಿಶುವನ್ನು ದಾದಿಯೊಬ್ಬಳು ಎತ್ತಿಕೊಂಡು ಬಂದು, ಕುಂತಳದಲ್ಲಿ ಕಂಡವರ ಮನೆಯ ಊಳಿಗ ಮಾಡಿ ಸಾಕಿದಳು. ಅವಳೂ ತೀರಿಕೊಂಡ ಮೇಲೆ ಬೀದಿಯ ಹೆಂಗಸರು ಕರೆದು ಉಣಿಸಿದರು. ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಬೇರೆ ದೇಶದವನೆಂದೂ ಅರ್ಥ, ದಿಕ್ಕಿಲ್ಲದವನೆಂದೂ ಅರ್ಥ. ಆ ಹುಡುಗನು ಎರಡು ಅರ್ಥದಲ್ಲಿಯೂ ಪರದೇಶಿಯಾಗಿದ್ದನು.

ಈ ಕಥೆಯನ್ನು ನಾವು ಈಗ ನೆನೆಯುವುದಕ್ಕೆ ಕಾರಣವುಂಟು. ಕಳೆದ ಬೇಸಿಗೆಯಲ್ಲಿ ನಾವು ಕುಬಟೂರಿನ ಕೈಟಭೇಶ್ವರ ದೇವಾಲಯಕ್ಕೆ ಹೋಗಿದ್ದಾಗ, ಅದೇ ಕಡೆಯ ಒಬ್ಬ ವಿದ್ಯಾರ್ಥಿಯು ಬೆಂಗಳೂರಿನಲ್ಲಿ ತನ್ನೊಡನೆ ಓದುವ ನೈಜೀರಿಯಾ ದೇಶದ ತರುಣನನ್ನು ರಜೆಗೆ ತನ್ನ ಊರಿಗೆ ಕರೆತಂದವನು, ಗುಡಿಯನ್ನೂ ತೋರಿಸಲು ಕರೆತಂದಿದ್ದನು. ಸುಮಾರು 1100ರ ಕಾಲದ ಆ ಕಂಬಗಳ ನುಣುಪನ್ನು ಆ ತರುಣನು ಮುಟ್ಟಿ ಮುಟ್ಟಿ ನೋಡುತ್ತಿರುವಾಗ, ಹೊರಗೆ ಕುಳಿತಿದ್ದ ಮುದುಕಿಯೊಬ್ಬಳು, “ಯಾವೂರಪ್ಪಾ ನಿಂದು? ಉಂಡ್ಯಾ?” ಎಂದು ಕೇಳಿದಳು. ಗೆಳೆಯನು ಆ ಮಾತನ್ನು ತಿಳಿಸಿ ಹೇಳಿದನು. ತರುಣನು ನಕ್ಕು ನಮ್ಮ ಕಡೆಗೆ ತಿರುಗಿ, ಬೆಂಗಳೂರಿನಲ್ಲಿಯೂ ಮೊದಲು ಕೇಳುವುದು ಊರನ್ನೇ, ಆದರೆ ಅಲ್ಲಿ ಉತ್ತರ ಹೇಳಿದ ಕೂಡಲೇ ಬಾಗಿಲು ಮುಚ್ಚುವುದೆಂದನು. ಆ ನಗೆಯಲ್ಲಿ ದೂರಿನ ಕಹಿ ಇರಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು.

ಅವನ ಬಾಯಿಂದ ನಾವು ಕೇಳಿದ ವೃತ್ತಾಂತವು ಅವನೊಬ್ಬನದೇ ಅಲ್ಲ. ಕಮ್ಮನಹಳ್ಳಿ, ಹೆಣ್ಣೂರು, ಕೊತ್ತನೂರು, ಹೆಸರಘಟ್ಟ ರಸ್ತೆ ಮೊದಲಾದ ಕಡೆಗಳಲ್ಲಿ ವಾಸಿಸುವ ಆಫ್ರಿಕಾ ಖಂಡದ ವಿದ್ಯಾರ್ಥಿಗಳು ಒಬ್ಬರ ತರುವಾಯ ಒಬ್ಬರು ಹೇಳುವ ವೃತ್ತಾಂತವು. ಬಂದಿಳಿದವನಿಗೆ ಮೊದಲು ಬೇಕಾದದ್ದು ಮನೆ. ದೂರವಾಣಿಯಲ್ಲಿ ಮನೆ ಖಾಲಿ ಇದೆ ಎನ್ನುವರು, ಮುಖ ಕಂಡ ಮೇಲೆ ಆಗಲೇ ಕೊಟ್ಟಾಯಿತೆನ್ನುವರು. ಕೊಡಲೊಪ್ಪಿದವನು ನೆರೆಮನೆಯ ಕನ್ನಡಿಗನಿಗಿಂತ ಹೆಚ್ಚು ಬಾಡಿಗೆ ಕೇಳುವನು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವುದು ಬೆಂಗಳೂರಿನ ಬಹುಕಾಲದ ರೂಢಿ. ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ, ನಲ್ಲಿ ಕೆಟ್ಟಿತೆಂಬ ಹೆಸರಿನಲ್ಲಿ ಅದರೊಳಗೆ ಎಷ್ಟನ್ನು ಮುರಿದುಕೊಂಡರೂ ಕೇಳುವವರಿಲ್ಲದ ಒಕ್ಕಲೆಂದರೆ ಈ ಪರದೇಶಿಯೇ. ದಲ್ಲಾಳಿಯ ಪಾಲು ಬೇರೆ. ಇಷ್ಟಾದರೂ ಕೈಗೆ ರಶೀದಿ ಬಾರದು. ಕರಾರುಪತ್ರ ಬರೆದುಕೊಡೆಂದರೆ, ಬರಹವೇತಕ್ಕೆ, ಮಾತು ಸಾಲದೇ ಎನ್ನುವರು.

ಬರಹವೇತಕ್ಕೆ ಎಂಬುದನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾಗಿರುವವರು ಬಲ್ಲರು. ವಿದ್ಯಾಭ್ಯಾಸಕ್ಕಾಗಿ 180 ದಿನಗಳಿಗಿಂತ ಹೆಚ್ಚಿನ ಅನುಮತಿಯ ಮೇಲೆ ಬಂದ ಪರದೇಶೀಯನು 14 ದಿನಗಳೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸತಕ್ಕದ್ದು. ಅದಕ್ಕೆ ವಾಸಸ್ಥಳದ ದಾಖಲೆ ಬೇಕು. ಆ ದಾಖಲೆಯು ಮನೆಯೊಡೆಯನ ಕೈಯಲ್ಲಿದೆ. ನೋಂದಣಿಯಿಲ್ಲದವನಿಗೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಕಷ್ಟ. ಖಾತೆಯಿಲ್ಲದಿದ್ದರೆ ಊರಿನಿಂದ ತಂದೆ ಕಳುಹಿಸುವ ಹಣ ಬರುವುದು ಕಷ್ಟ. ಹಣವಿಲ್ಲದವನಿಗೆ ಮನೆ ಕೊಡುವವರಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಮಾಡಿದವನು ಇಂಥ ಕಚೇರಿಯೊಂದರ ಮುಂದೆ ನಿಂತಿದ್ದಿರಬೇಕು. ತನ್ನ ಮನೆಯಲ್ಲಿ ಪರದೇಶೀಯನು ಬಂದಿಳಿದರೆ 24 ಗಂಟೆಗಳೊಳಗೆ ಸರ್ಕಾರಕ್ಕೆ ತಿಳಿಸಬೇಕಾದ ಹೊಣೆ ಒಡೆಯನದು. ಒಡೆಯನು ಬಾಡಿಗೆಯ ತೆರಿಗೆಗೆ ಅಂಜಿಯೋ ಕೇವಲ ಆಲಸ್ಯದಿಂದಲೋ ಅದನ್ನು ಮಾಡದೆ ಬಿಟ್ಟರೂ, ಪೋಲೀಸಿನವರು ಬಂದು ತಟ್ಟುವುದು ಹೆಚ್ಚಾಗಿ ಒಕ್ಕಲಿನ ಬಾಗಿಲನ್ನು. ದುಷ್ಟಬುದ್ಧಿಯು ಕೊಟ್ಟ ಪತ್ರವನ್ನು, ಅದರೊಳಗೆ ತನಗೆ ವಿಷವೋ ವಿಷಯೆಯೋ ಎಂಬುದನ್ನರಿಯದೆ ಹೊತ್ತು ನಡೆದ ಚಂದ್ರಹಾಸನಂತೆ, ಈ ಹುಡುಗರು ತಮ್ಮ ಕಾಗದಗಳನ್ನು ಹೊತ್ತು ತಿರುಗುವರು. ಉದ್ಯಾನದಲ್ಲಿ ಬಂದು ಅಕ್ಷರ ತಿದ್ದುವ ವಿಷಯೆಯು ಎಲ್ಲರಿಗೂ ದೊರೆಯುವುದಿಲ್ಲ.

ವಿದೇಶೀಯರ ನೋಂದಣಿಯ ಕಾಯಿದೆ 1939ರದು, ವಿದೇಶೀಯರ ಕಾಯಿದೆ 1946ರದು. ಎರಡೂ ಬ್ರಿಟಿಷರು ಮಾಡಿದವು. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದರೂ ನಾವು ಅವುಗಳನ್ನೇ ಹೊದ್ದುಕೊಂಡಿದ್ದು, 2025ರಲ್ಲಿ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆಯನ್ನು ತಂದೆವು; ಅದು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. 2018ರಿಂದಲೂ ಅರ್ಜಿಗಳನ್ನು ಮನೆಯಿಂದಲೇ ಗಣಕಯಂತ್ರದ ಮೂಲಕ ಕಳುಹಿಸಲು ಅನುಕೂಲವಾಗಿರುವುದು ಮೆಚ್ಚತಕ್ಕ ಸಂಗತಿ. ಆದರೆ ಯಾವ ಕಾಯಿದೆಯೂ ಮನೆಯೊಡೆಯನ ಕೈ ಹಿಡಿದು ಕರಾರುಪತ್ರಕ್ಕೆ ರುಜು ಹಾಕಿಸಲಾರದು.

ಮನೆಯೊಡೆಯರ ಪಕ್ಷವನ್ನೂ ಕೇಳಬೇಕು. ಇವರಲ್ಲಿ ಕೆಲವರು ಮಾದಕ ವಸ್ತುಗಳ ವ್ಯಾಪಾರದಲ್ಲಿ ಸಿಕ್ಕಿಬಿದ್ದಿರುವರು, ಕೆಲವರು ಅವಧಿ ತೀರಿದ ಮೇಲೂ ಉಳಿದಿರುವರು, ರಾತ್ರಿ ಸಂಗೀತದ ಗದ್ದಲ ಮಾಡುವರು ಎಂಬುದು ಅವರ ಮಾತು. ಇದರಲ್ಲಿ ಸುಳ್ಳಿಲ್ಲ. ತಪ್ಪು ಮಾಡಿದವನನ್ನು ಹಿಡಿದು ನ್ಯಾಯಸ್ಥಾನಕ್ಕೆ ಒಪ್ಪಿಸಲಿ, ದೇಶದಿಂದ ಹೊರಡಿಸಲಿ, ನಮ್ಮ ಆಕ್ಷೇಪಣೆಯಿಲ್ಲ. ಆದರೆ ಒಬ್ಬನ ತಪ್ಪಿಗೆ ಅವನ ಬಣ್ಣದವರನ್ನೆಲ್ಲ ಹೊಣೆ ಮಾಡಿದರೆ ಏನಾಗುವುದೆಂಬುದನ್ನು ಬೆಂಗಳೂರು ಒಮ್ಮೆ ಕಂಡಿದೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಸ್ಥಳೀಯ ಹೆಂಗಸೊಬ್ಬಳು ಮೃತಪಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದು ಹೊಡೆಯಿತು, ಕಾರಿಗೆ ಬೆಂಕಿಯಿಟ್ಟಿತು. ಸುಡಾನಿಗೂ ಟಾಂಜಾನಿಯಾಕ್ಕೂ ನಡುವೆ ಬೇರೆ ದೇಶಗಳೇ ಇವೆ. ಬೀದಾರಿನಲ್ಲಿ ಒಬ್ಬನು ಮಾಡಿದ ಅಪರಾಧಕ್ಕೆ ಪರಸ್ಥಳದಲ್ಲಿ ಅಸ್ಸಾಮಿನವನನ್ನು ಬಡಿದರೆ ನಾವು ಏನೆನ್ನುತ್ತಿದ್ದೆವು?

ಏನೆನ್ನುತ್ತಿದ್ದೆವೆಂಬುದು ತಿಳಿಯದ ಮಾತಲ್ಲ. ದಕ್ಷಿಣ ಆಫ್ರಿಕಾದಲ್ಲಿ ನಮ್ಮವರ ಮೇಲೆ ಹೇರಿದ ಮೂರು ಪೌಂಡಿನ ತಲೆಗಂದಾಯವನ್ನು ಕುರಿತು ಈ ದೇಶದ ಪತ್ರಿಕೆಗಳೆಲ್ಲ ಗುಡುಗಿದವು. 1893ರಲ್ಲಿ ಮಹಾತ್ಮಾಜಿಯವರು ಪ್ರಿಟೋರಿಯಾ ಪಟ್ಟಣದಲ್ಲಿ ರಾತ್ರಿಯ ವೇಳೆ ರೈಲಿನಿಂದ ಇಳಿದಾಗ ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಯಾವ ಹೋಟೆಲಿನವನು ಒಳಗೆ ಸೇರಿಸುವನೋ ಎಂಬ ಅಂಜಿಕೆ. ಆಗ ಹತ್ತಿರದಲ್ಲಿ ನಿಂತಿದ್ದ ಅಮೆರಿಕಾದ ಕರಿಯ ಜನಾಂಗದವನೊಬ್ಬನು ತಾನಾಗಿ ಮಾತನಾಡಿಸಿ, ತನಗೆ ಪರಿಚಿತವಾದ ಒಂದು ಸಣ್ಣ ಹೋಟೆಲಿಗೆ ಕರೆದೊಯ್ದು ತಂಗುವ ಏರ್ಪಾಡು ಮಾಡಿಸಿದನು. ಇದನ್ನು ಮಹಾತ್ಮಾಜಿಯವರೇ ಆತ್ಮಕಥೆಯಲ್ಲಿ ಬರೆದಿರುವರು. ಅದೇ ಪಟ್ಟಣದಲ್ಲಿ ಬಿಳಿಯ ಕ್ಷೌರಿಕನು ಅವರ ತಲೆಗೂದಲನ್ನು ಕತ್ತರಿಸಲು ಒಪ್ಪದೆ ಇದ್ದುದರಿಂದ, ಅವರು ತಾವೇ ಕನ್ನಡಿಯ ಮುಂದೆ ನಿಂತು ಕತ್ತರಿಸಿಕೊಂಡು ನ್ಯಾಯಾಲಯದಲ್ಲಿ ನಗೆಗೀಡಾದರು. ಪರದೇಶದಲ್ಲಿ ಮನುಷ್ಯನು ಅವಮಾನ ಪಡುವುದು ದೊಡ್ಡ ದೊಡ್ಡ ಶಾಸನಗಳ ಮುಂದೆ ಅಷ್ಟಲ್ಲ. ಕ್ಷೌರದ ಅಂಗಡಿ, ಊಟದ ಮೇಜು, ಬಾಡಿಗೆಯ ಕೋಣೆ, ಇಂಥ ಕಡೆಗಳಲ್ಲಿ. ಅಂದು ಮೋಹನದಾಸನೆಂಬ ಪರದೇಶಿಗೆ ಹಾಸಿಗೆ ದೊರಕಿಸಿದವನ ಬಣ್ಣವನ್ನೇ ನೋಡಿ ಇಂದು ನಮ್ಮವರು ಹಾಸಿಗೆಯಿಲ್ಲವೆನ್ನುವರು.

ನೈಜೀರಿಯಾದ ಋಣವೂ ನಮ್ಮ ಮೇಲೆ ಇಲ್ಲದಿಲ್ಲ. 1960ರ ಅಕ್ಟೋಬರ್ 1ರಂದು ಬ್ರಿಟಿಷರಿಂದ ಸ್ವತಂತ್ರವಾದ ಆ ದೇಶವು ಎಣ್ಣೆಯ ಹಣದಿಂದ 1970ರ ದಶಕದಲ್ಲಿ ಶಾಲೆಗಳನ್ನು ಹೆಚ್ಚಿಸಿದಾಗ, ಇಲ್ಲಿ ಕೆಲಸವಿಲ್ಲದೆ ಕುಳಿತಿದ್ದ ನಮ್ಮ ಪದವೀಧರರನೇಕರು ಗಣಿತ ಮತ್ತು ವಿಜ್ಞಾನದ ಉಪಾಧ್ಯಾಯರಾಗಿ ಅಲ್ಲಿಗೆ ಹೋದರು. ಅವರಲ್ಲಿ ಎಷ್ಟೋ ಜನ ಅಲ್ಲಿ ದುಡಿದ ಹಣದಿಂದ ಇಲ್ಲಿ ಮನೆಗಳನ್ನು ಕಟ್ಟಿಸಿದರು. ಆ ಮನೆಗಳಲ್ಲಿ ಕೆಲವು ಈಗ ಬಾಡಿಗೆಗೆ ಇದ್ದರೂ ಇರಬಹುದು.

ಹೊಸಬರನ್ನು ನೆಲೆಗೊಳಿಸುವ ವಿದ್ಯೆಯು ಕನ್ನಡನಾಡಿಗೆ ಹೊಸದೂ ಅಲ್ಲ. ಕುಬಟೂರಿನಿಂದ ಹಾನಗಲ್ಲನ್ನು ದಾಟಿ ಹೋದರೆ ಮುಂಡಗೋಡು. ಅಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಅದಕ್ಕೂ ಮೊದಲು, 1960ರಲ್ಲಿ, ಬೈಲಕುಪ್ಪೆಯ ಬಳಿ ಆಗಿನ ಮೈಸೂರು ಸರ್ಕಾರವು ಸುಮಾರು 3000 ಎಕರೆ ಭೂಮಿಯನ್ನು ಒದಗಿಸಿತು. ಹಿಮದ ನಾಡಿನವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಕಲಿತರು. ಅದು ನಾವು ಹೆಮ್ಮೆಪಡತಕ್ಕ ಕೆಲಸವು. ಆದರೆ ಅವರು ಜನವಾಗಿ ಬಂದರು. ಸರ್ಕಾರವು ಮುಂದೆ ನಿಂತಿತ್ತು, ಗುರುಗಳು ಜೊತೆಗಿದ್ದರು. ನೈಜೀರಿಯಾದ ವಿದ್ಯಾರ್ಥಿಯು ಒಂದು ಪೆಟ್ಟಿಗೆಯೊಡನೆ ಒಬ್ಬನೇ ಬರುವನು. ಅವನ ಪಾಲಿಗೆ ಸರ್ಕಾರವೆಂದರೆ ನೋಂದಣಿಯ ಕಚೇರಿ, ನಾಡೆಂದರೆ ಮನೆಯೊಡೆಯ. ಕುಬಟೂರಿನಲ್ಲಿಯೇ 1077ರಲ್ಲಿ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿಯು ಜಿನಾಲಯವನ್ನು ಮಾಡಿಸಿದಾಗ, ಊರಿನ ಬ್ರಾಹ್ಮಣರೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರೆಂದು ಶಾಸನವು ಹೇಳುತ್ತದೆ. ತಮ್ಮದಲ್ಲದ ಗುಡಿಗೆ ತಮ್ಮ ಹೆಸರನ್ನು ಕೊಡುವ ಮನಸ್ಸು ಆ ಮಹಾಜನಗಳಿಗೆ ಇದ್ದಿತು.

ಇನ್ನೊಂದು ಕಡೆ, ಯಲ್ಲಾಪುರ ಹಳಿಯಾಳಗಳ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರನ್ನು ಪೋರ್ಚುಗೀಸರು ಮೊದಲಾದವರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ತಲೆಮಾರುಗಳು ಕಳೆದು ಅವರು ಕನ್ನಡ ಕೊಂಕಣಿಗಳನ್ನಾಡುವ ಕನ್ನಡನಾಡಿನ ಮಕ್ಕಳಾದರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು. ಆದರೂ ಬೆಂಗಳೂರಿಗೆ ಓದಲು ಬಂದ ಸಿದ್ದಿ ತರುಣನನ್ನು ಯಾವ ದೇಶದವನೆಂದು ಕೇಳುವವರುಂಟು. ಈತನು ಅಚ್ಚಕನ್ನಡದಲ್ಲಿ ಉತ್ತರ ಕೊಟ್ಟಾಗ ಕೇಳಿದವನಿಗೆ ನಾಚಿಕೆಯಾಗುವುದಕ್ಕೆ ಬದಲು ಆಶ್ಚರ್ಯವಾಗುವುದಂತೆ.

ಊಟದ ವಿಚಾರವನ್ನು ಹೇಳದೆ ಬಿಡಲಾರೆವು. ಮಾಂಸದ, ಮೀನಿನ ವಾಸನೆ ಬರುವುದೆಂದು ಮನೆ ಬಿಡಿಸಿದ ನಿದರ್ಶನಗಳುಂಟು. ನೈಜೀರಿಯದವರ ಅಡಿಗೆಗೆ ಒಣಮೀನು ಬೇಕು. ಅದಕ್ಕಾಗಿ ನಾರ್ವೆ ದೇಶದ ಮೀನನ್ನು ಕೂಡ ತರಿಸಿಕೊಳ್ಳುವರು. ಹೊನ್ನಾವರ ಕುಮಟೆಗಳ ಒಣಮೀನು ಘಟ್ಟ ಹತ್ತಿ ನಮ್ಮ ಸಂತೆಗಳಿಗೆ ಬರುವಾಗ ಮೂಗು ಮುಚ್ಚದವರು ಇಲ್ಲೇಕೆ ಮುಚ್ಚಬೇಕೋ ತಿಳಿಯದು. ಅವರು ಮರಗೆಣಸನ್ನು ಇಲ್ಲವೆ ಗೆಣಸನ್ನು ಬೇಯಿಸಿ ಕುಟ್ಟಿ ಮುದ್ದೆ ಮಾಡಿ, ಬೆರಳಿನಿಂದ ತುತ್ತು ಮುರಿದು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವರು. ನಮ್ಮ ಬಯಲುಸೀಮೆಯವರು ರಾಗಿಮುದ್ದೆ ಉಣ್ಣುವುದು ಹೇಗೆಂದು ಅವರಿಗೆ ಹೇಳಿಕೊಡುವ ಅಗತ್ಯವಿಲ್ಲ. ಆ ತರುಣನು ಹಾಸ್ಟೆಲಿನಲ್ಲಿ ಮೊದಲನೆಯ ದಿನವೇ ಮುದ್ದೆಯನ್ನು ಸರಾಗವಾಗಿ ನುಂಗಿದ್ದನ್ನು ಕಂಡು ಉತ್ತರದೇಶದ ವಿದ್ಯಾರ್ಥಿಗಳು ಬೆರಗಾದರೆಂದು ಅವನ ಗೆಳೆಯನು ಹೇಳಿದನು.

ಹಾಗಾದರೆ ಆಗಬೇಕಾದದ್ದೇನು? ಮುಖ್ಯವಾದ ಹೊಣೆ ವಿದ್ಯಾಸಂಸ್ಥೆಗಳದೆಂಬುದು ನಮ್ಮ ಅಭಿಪ್ರಾಯ. ಸ್ವದೇಶದ ವಿದ್ಯಾರ್ಥಿಗಿಂತ ಹೆಚ್ಚಿನ ಶುಲ್ಕವನ್ನು ಅವನಿಂದ ಎಣಿಸಿಕೊಂಡು, ಬಾಗಿಲ ಹೊರಗೆ ನಿಲ್ಲಿಸಿ, ಇನ್ನು ನಿನ್ನ ದಾರಿ ನಿನಗೆ ಎನ್ನುವುದು ವಿದ್ಯಾದಾನವಲ್ಲ, ವ್ಯಾಪಾರದಲ್ಲಿಯೂ ಕೀಳು ತರಗತಿಯದು. ಮೊದಲನೆಯ ತಿಂಗಳಲ್ಲಿ ತಂಗಲು ಕೋಣೆ, ನೋಂದಣಿಯ ಕಚೇರಿಗೆ ಜೊತೆಗೆ ಬರುವ ಒಬ್ಬ ಗುಮಾಸ್ತ, ಕರಾರುಪತ್ರವನ್ನು ಓದಿ ತಿಳಿಸುವ ಒಬ್ಬ ಅಧ್ಯಾಪಕ, ಇಷ್ಟನ್ನು ಒದಗಿಸಲಾರದ ಕಾಲೇಜಿಗೆ ಪರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಕ್ಕು ಇರಕೂಡದು. ಇದನ್ನು ಸರ್ಕಾರವು ಷರತ್ತಾಗಿಯೇ ವಿಧಿಸಬಹುದು. ಬೊಕ್ಕಸದಿಂದ ಒಂದು ಕಾಸೂ ಖರ್ಚಾಗುವುದಿಲ್ಲ.

ಅದರ ಜೊತೆಗೆ ಮೂರು ತಿಂಗಳ ಕನ್ನಡ. ಇಂಗ್ಲಿಷು ಬಲ್ಲವರಿಗೆ ಬೆಂಗಳೂರಿನಲ್ಲಿ ಕನ್ನಡವೇತಕ್ಕೆಂದು ನಮ್ಮವರೇ ಹೇಳಿ ಆ ಹುಡುಗರನ್ನು ಕೆಡಿಸಿದ್ದಾರೆ. ನೂರಾರು ಭಾಷೆಗಳ ನಾಡಿನಿಂದ ಬಂದವನಿಗೆ ಇನ್ನೊಂದು ಭಾಷೆ ಭಾರವಲ್ಲ. ಇಗ್ಬೋ ಮನೆಮಾತಿನ ಆ ತರುಣನು ತನ್ನ ಊರಿನ ಮಾರುಕಟ್ಟೆಯಲ್ಲಿ ಹೌಸಾ ಭಾಷೆಯನ್ನೂ ಆಡಬಲ್ಲನಂತೆ. ತರಕಾರಿಯವಳೊಡನೆ, ಕಂಡಕ್ಟರನೊಡನೆ, ಠಾಣೆಯ ಪೇದೆಯೊಡನೆ ನಾಲ್ಕು ಮಾತು ಕನ್ನಡದಲ್ಲಿ ಆಡಬಲ್ಲವನನ್ನು ಗುಂಪು ಹೊಡೆಯುವ ಮೊದಲು ಒಂದು ಕ್ಷಣ ತಡೆಯುವುದು. ಆ ಒಂದು ಕ್ಷಣವು ಎಷ್ಟು ಬೆಲೆಯುಳ್ಳದ್ದೆಂಬುದು 2016ರ ಆ ರಾತ್ರಿ ಗೊತ್ತಾಗಿದೆ.

ಶಿಕಾರಿಪುರ ಸೊರಬಗಳ ನಮ್ಮ ವಾಚಕರು, ಇದೆಲ್ಲ ಬೆಂಗಳೂರಿನ ಮಾತು, ನಮಗೇನೆನ್ನಬಹುದು. ನಿಮ್ಮ ಮಕ್ಕಳೇ ಬೆಂಗಳೂರಿನಲ್ಲಿ ನಿವೇಶನ ಕೊಂಡು ಮಹಡಿಯ ಮೇಲೆ ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡುತ್ತಿರುವರು. ಮೊಮ್ಮಕ್ಕಳು ಟೊರಾಂಟೊ ಮೆಲ್ಬೋರ್ನುಗಳಲ್ಲಿ ಬಾಡಿಗೆಯ ಕೋಣೆಗೆ ಬಾಗಿಲು ಬಾಗಿಲು ತಟ್ಟುತ್ತಿರುವರು. ಹಬ್ಬಕ್ಕೆ ಮಗನು ಊರಿಗೆ ಬಂದಾಗ, ಮೇಲಿನ ಮನೆಯಲ್ಲಿ ಯಾರಿದ್ದಾರೆಂದೂ, ಅವರಿಗೆ ರಶೀದಿ ಕೊಟ್ಟಿದ್ದೀಯೋ ಎಂದೂ ಕೇಳುವ ಅಧಿಕಾರ ತಂದೆಯಾದವನಿಗಲ್ಲದೆ ಬೇರೆ ಯಾವ ಅಧಿಕಾರಿಗೂ ಇಲ್ಲ.

ಆ ತರುಣನು ಕಡೆಗೂ ಮನೆ ಕಂಡನು. ಕೋಲಾರದ ಕಡೆಯ ವಿಧವೆಯೊಬ್ಬಳು ಎಲ್ಲರಿಗೆ ಹೇಳುವ ಬಾಡಿಗೆಯನ್ನೇ ಹೇಳಿ ಹನ್ನೊಂದು ತಿಂಗಳಿಗೆ ಬರೆದುಕೊಟ್ಟಳಂತೆ. ಆಕೆಯ ಮಗನು ಈಗ ಆ ಮನೆಯನ್ನು ಮಾರಲು ನಿಶ್ಚಯಿಸಿದ್ದಾನೆ. ಗುಡಿಯ ಕಟ್ಟೆಯ ಮೇಲೆ ಕುಳಿತು ಮುದುಕಿ ಕೊಟ್ಟ ಮಂಡಕ್ಕಿಯನ್ನು ಮುಕ್ಕುತ್ತ, ಬರುವ ತಿಂಗಳು ಮತ್ತೆ ಮನೆ ಹುಡುಕಬೇಕೆಂದು ಅವನು ನಮಗೆ ಹೇಳಿದನು.