ತೆರೆಮರೆಯ ತಂತ್ರಗಾರ, ಮನೆಬಾಗಿಲ ಮತದಾರ

ಶಿವಮೊಗ್ಗದ ವಿನೋಬನಗರ ಎಂದೊಡನೆ ನೆನಪಾಗುವುದು ಶ್ರೀ ಬಿ. ಎಸ್. ಯಡಿಯೂರಪ್ಪನವರ ಮನೆ. ಊರೂರು ತಿರುಗಿ, ಕಾರ್ಯಕರ್ತರನ್ನು ಹೆಸರು ಹಿಡಿದು ಕರೆದು ಪಕ್ಷ ಕಟ್ಟಿದ ತಲೆಮಾರಿನ ನಾಯಕರವರು. ಆದರೆ 2023ರ ವಿಧಾನಸಭಾ ಚುನಾವಣೆ ಅರ್ಥವಾಗಬೇಕಾದರೆ, ಎಂದೂ ಮತ ಕೇಳದ ಇನ್ನೊಬ್ಬರನ್ನು ತಿಳಿಯಬೇಕು. ಅವರೇ ಸುನೀಲ್ ಕನುಗೋಲು.

ಬಳ್ಳಾರಿ ಮೂಲದ ಕನುಗೋಲು 2014ರಲ್ಲಿ ಶ್ರೀ ನರೇಂದ್ರ ಮೋದಿಯವರ ಪ್ರಚಾರ ತಂಡದಲ್ಲಿದ್ದರು. 2016ರಲ್ಲಿ ತಮಿಳುನಾಡಿನ ಡಿಎಂಕೆಗೆ, 2017ರಲ್ಲಿ ಉತ್ತರ ಪ್ರದೇಶದ ಬಿಜೆಪಿಗೆ, 2021ರಲ್ಲಿ ಅಣ್ಣಾ ಡಿಎಂಕೆಗೆ ಕೆಲಸ ಮಾಡಿದರು. 2022ರಲ್ಲಿ ಕಾಂಗ್ರೆಸ್ ಸೇರಿದರು. ವಕೀಲರಿಗೆ ಕಕ್ಷಿದಾರರು ಬದಲಾದಂತೆ ಇವರಿಗೆ ಪಕ್ಷಗಳು ಬದಲಾದವು.

ಇವರ ಕೆಲಸದ ರೀತಿಗೆ 'ಪೇಸಿಎಂ' ಪೋಸ್ಟರು ಉತ್ತಮ ಉದಾಹರಣೆ. ಶೇ. 40 ಕಮಿಷನ್ ಆರೋಪ ಮಾಡಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದದ್ದು 2021ರಲ್ಲಿ. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯಲ್ಲಿ ಸಾವಿಗೀಡಾದಾಗ ಶಿವಮೊಗ್ಗದ ಶಾಸಕ ಶ್ರೀ ಕೆ. ಎಸ್. ಈಶ್ವರಪ್ಪನವರು ಸಚಿವ ಸ್ಥಾನ ಬಿಟ್ಟರು. ಪೊಲೀಸರು ಮುಂದೆ ಅವರನ್ನು ಆರೋಪಮುಕ್ತಗೊಳಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಪೋಸ್ಟರು ಬಂತು. ಜನರ ಬಾಯಲ್ಲಿದ್ದ ದೂರಿಗೆ ಮೊಬೈಲಿನಲ್ಲಿ ಹಿಡಿಯಬಹುದಾದ ರೂಪ ಸಿಕ್ಕಿತು.

ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಆದರೆ ಶಿವಮೊಗ್ಗ ಜಿಲ್ಲೆಯ ಏಳು ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಮೂರು, ಬಿಜೆಪಿಗೆ ಮೂರು, ಜೆಡಿಎಸ್‌ಗೆ ಒಂದು. ಭದ್ರಾವತಿ ಕಾಂಗ್ರೆಸ್‌ಗೆ ಒಲಿಯಿತು, ಶಿವಮೊಗ್ಗ ನಗರ ಬಿಜೆಪಿಯಲ್ಲೇ ಉಳಿಯಿತು. 2024ರ ಜನವರಿ 12ರಂದು ಯುವನಿಧಿಗೆ ಚಾಲನೆ ಸಿಕ್ಕಿದ್ದು ಶಿವಮೊಗ್ಗದಲ್ಲಿಯೇ. ಆದರೂ ಕೆಲವೇ ತಿಂಗಳಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಗೆದ್ದವರು ಬಿಜೆಪಿಯ ಶ್ರೀ ಬಿ. ವೈ. ರಾಘವೇಂದ್ರ. ರಾಜ್ಯದ 28ರಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 9. ತಂತ್ರಗಾರಿಕೆ ಗಾಳಿಯನ್ನು ಗುರುತಿಸಬಲ್ಲದು, ಬೀಸಿಸಲಾರದು.

ನಾವು ಯೋಚಿಸಬೇಕಾದ ಸಂಗತಿ ಬೇರೆಯಿದೆ. 2023ರ ಜೂನ್‌ನಲ್ಲಿ ಕನುಗೋಲು ಅವರನ್ನು ಸಂಪುಟ ದರ್ಜೆಯೊಂದಿಗೆ ಮುಖ್ಯಮಂತ್ರಿಗಳ ಸಲಹೆಗಾರರನ್ನಾಗಿ ನೇಮಿಸಲಾಯಿತು. ಶಾಸಕರು ತಪ್ಪಿದರೆ ಐದು ವರ್ಷಕ್ಕೊಮ್ಮೆಯಾದರೂ ಕೇಳಬಹುದು. ಸಲಹೆಗಾರರನ್ನು ಕೇಳುವವರು ಯಾರು?

ಭದ್ರಾವತಿಯನ್ನೇ ನೋಡಿ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಚುನಾವಣೆಗೆ ನಾಲ್ಕು ತಿಂಗಳಿರುವಾಗ. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಈ ಮತ ಯಾರಿಗೆ ಬೀಳುತ್ತದೆ ಎಂಬುದು ಸಮೀಕ್ಷೆಯ ಪ್ರಶ್ನೆ. ಮತ ಎಣಿಸಿದ ಮರುದಿನ ಅದರ ಲೆಕ್ಕ ಮುಗಿಯುತ್ತದೆ. ಕಾರ್ಮಿಕನ ಪ್ರಶ್ನೆ ಮುಗಿಯುವುದಿಲ್ಲ.

ಆದ್ದರಿಂದ ಮುಂದಿನ ಸಲ ಸಮೀಕ್ಷೆಯವರು ಮನೆಬಾಗಿಲಿಗೆ ಬಂದಾಗ ಉತ್ತರಿಸುವ ಮೊದಲು ನಾವೂ ಎರಡು ಮಾತು ಕೇಳೋಣ. ನಿಮ್ಮನ್ನು ಕಳುಹಿಸಿದವರು ಯಾರು? ನಮ್ಮ ಹೆಸರು, ಫೋನ್ ನಂಬರು ಎಲ್ಲಿಗೆ ಹೋಗುತ್ತದೆ?