ಮೋಟಾರು ಷೆಡ್ಡಿನ ಬಾಗಿಲು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳ ಪಕ್ಕದಲ್ಲಿ ಮರದ ಜೋಡಿ ಬಾಗಿಲಿನ ಮೋಟಾರು ಷೆಡ್ಡು ಅಪರೂಪವೇನಲ್ಲ. ಮುಂಬಾಗಿಲಿಗೆ ಸಲ್ಲುವ ಆರೈಕೆಯ ಕಾಲುಪಾಲೂ ಈ ಬಾಗಿಲಿಗೆ ಸಲ್ಲುವುದಿಲ್ಲ. ಮಲಗುವ ಮುನ್ನ ಬೀಗವನ್ನೊಮ್ಮೆ ಜಗ್ಗಿ ನೋಡಿದರೆ ಯಜಮಾನರಿಗೆ ನೆಮ್ಮದಿ. ಬೀಗ ದೊಡ್ಡದಾದಷ್ಟೂ ನೆಮ್ಮದಿಯೂ ದೊಡ್ಡದು.

ಲಂಡನ್ನಿನ ಬ್ರಾಮಾ ಕಂಪನಿಯವರು ತಮ್ಮ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಕೈಯಿಲ್ಲದೆ ಅದನ್ನು ತೆರೆದವರಿಗೆ 200 ಗಿನಿ ಬಹುಮಾನವೆಂದು ಸಾರಿದ್ದರು. ದಶಕಗಳವರೆಗೆ ಯಾರಿಗೂ ಸಾಧ್ಯವಾಗಲಿಲ್ಲ. 1851ರಲ್ಲಿ ಅಮೆರಿಕದ ಹಾಬ್ಸ್ ಅದನ್ನು ತೆರೆದನು. 50 ಗಂಟೆಗೂ ಮೀರಿದ ದುಡಿಮೆ ಬೇಕಾಯಿತು. ಷೆಡ್ಡಿನ ಕಳ್ಳನಿಗೆ ಅಷ್ಟು ತಾಳ್ಮೆಯಿಲ್ಲ, ಅದರ ಅಗತ್ಯವೂ ಇಲ್ಲ. ಬೀಗದ ಗೋಜಿಗೇ ಹೋಗದೆ ಆತನು ಅದು ನೇತಾಡುವ ಕೊಂಡಿಗೆ ಕೈಹಾಕುತ್ತಾನೆ. ಮಳೆಗೆ ನೆನೆದು ಬಿಸಿಲಿಗೆ ಬಿರಿದ ಹಲಗೆಯಲ್ಲಿ ಮುಕ್ಕಾಲು ಅಂಗುಲದ ತಿರುಪುಮೊಳೆಗೆ ಹಿಡಿತವೆಲ್ಲಿಯದು? ಹಾರೆಯಿಂದ ಮೀಟಿದರೆ ಕೊಂಡಿಯೂ ಬೀಗವೂ ಜೊತೆಯಾಗಿಯೇ ಕಿತ್ತು ಬರುತ್ತವೆ.

ಆದುದರಿಂದ ಮೊದಲು ಹಣ ಹಾಕಬೇಕಾದುದು ಕೊಂಡಿಗೆ. ತಿರುಪುಮೊಳೆಗಳನ್ನು ತೆಗೆಸಿ, ಹಲಗೆಯನ್ನು ತೂರಿಹೋಗುವ ಬೋಲ್ಟುಗಳನ್ನು ಹಾಕಿಸಬೇಕು. ಗುಂಡಾದ ನುಣುಪು ತಲೆ ಹೊರಗೆ, ನಟ್ಟು ಒಳಗೆ. ತಲೆಯ ಕೆಳಗೆ ಚೌಕದ ಕತ್ತಿರುವ ಬೋಲ್ಟು ಮರವನ್ನು ಕಚ್ಚಿಕೊಳ್ಳುವುದರಿಂದ ಹೊರಗಿನಿಂದ ತಿರುಗಿಸಲು ಬಾರದು. ನಟ್ಟಿನಡಿಯಲ್ಲಿ ಅಗಲವಾದ ಉಕ್ಕಿನ ಪಟ್ಟಿಯಿದ್ದರೆ ಎಳೆತವು ಒಂದೇ ತೂತಿನ ಮೇಲೆ ಬೀಳದು. ಆದರೆ ಮರವೇ ಗಟ್ಟಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಹೊಸಿಲಿನ ಬಳಿ ದಬ್ಬಳದಿಂದ ಚುಚ್ಚಿ ನೋಡಬೇಕು. ಅದು ಸಲೀಸಾಗಿ ಇಳಿದರೆ ಬಡಗಿಯನ್ನು ಕರೆಸುವುದೇ ಸರಿ.

ಜೋಡಿ ಬಾಗಿಲಿಗೆ ಇನ್ನೊಂದು ದೋಷವುಂಟು. ಸದಾ ಮುಚ್ಚಿರುವ ಕದದ ಕೆಳ ಅಗುಳಿ ನೆಲದ ಕುಳಿಗೆ ಇಳಿಯಬೇಕು. ಆ ಕುಳಿಯಲ್ಲಿ ವರ್ಷಗಳ ಮಣ್ಣು ತುಂಬಿ, ಅಗುಳಿ ಅರ್ಧ ಅಂಗುಲವೂ ಇಳಿಯದೆ ನಿಂತಿರುತ್ತದೆ. ಮೇಲಿನ ಅಗುಳಿಯಂತೂ ಕೈಗೆಟುಕದೆಂದು ಹಾಕುವವರೇ ಇಲ್ಲ. ಆಗ ಭುಜಕೊಟ್ಟು ನೂಕಿದರೆ ಎರಡು ಕದಗಳೂ, ಹಾಕಿದ ಬೀಗ ಹಾಕಿದಂತೆಯೇ, ಒಟ್ಟಿಗೆ ತೆರೆದುಕೊಳ್ಳುತ್ತವೆ! ಕುಳಿಯನ್ನು ಕೆದಕಿ ಶುಚಿಮಾಡುವುದಕ್ಕೆ ಒಂದು ಕಾಸೂ ಖರ್ಚಿಲ್ಲ.

ಕದಗಳು ಹೊರಕ್ಕೆ ತೆರೆಯುವಂತಿದ್ದರೆ ಕೀಲುಗಳ ಕಡ್ಡಿ ಬೀದಿಯತ್ತ ಇರುತ್ತದೆ. ಅದನ್ನು ಬಡಿದು ಹೊರದೂಡಬಹುದು. ಕೀಲಿನ ಬದಿಯ ಅಂಚಿಗೆ ಎರಡು ಉಕ್ಕಿನ ಗೂಟಗಳನ್ನು ಕೂರಿಸಿ, ಕದ ಮುಚ್ಚಿದಾಗ ಅವು ಚೌಕಟ್ಟಿನ ತೂತುಗಳೊಳಗೆ ಹೋಗುವಂತೆ ಮಾಡಿದರೆ, ಕಡ್ಡಿ ಹೋದರೂ ಕದ ಕದಲದು.

ಷೆಡ್ಡಿನಿಂದ ಅಡಿಗೆಮನೆಯ ಕಡೆಗೆ ಬಾಗಿಲಿರುವ ಮನೆಗಳಲ್ಲಿ ಗೃಹಿಣಿಯರು ವಿಶೇಷವಾಗಿ ಎಚ್ಚರ ವಹಿಸಬೇಕು. ಒಳಹೊಕ್ಕ ಕಳ್ಳನು ಕದವನ್ನೆಳೆದುಕೊಂಡನೆಂದರೆ ಬೀದಿಯವರಿಗೆ ಕಾಣನು. ಬೇಕಾದಷ್ಟು ಹೊತ್ತು ಅವನದೇ. ಏಣಿ, ಹಾರೆ, ಸುತ್ತಿಗೆಗಳನ್ನು ಮನೆಯವರೇ ಅಲ್ಲಿ ಒದಗಿಸಿಟ್ಟಿರುತ್ತಾರೆ. ಏಣಿಯನ್ನು ಗೋಡೆಯ ಬಳೆಗೆ ಸರಪಳಿಯಿಂದ ಬಿಗಿದು, ಹಾರೆಯನ್ನು ಮನೆಯೊಳಗಿಟ್ಟು, ಆ ಒಳಬಾಗಿಲಿಗೂ ಮುಂಬಾಗಿಲಿಗಿರುವಷ್ಟೇ ಗಟ್ಟಿಯಾದ ಅಗುಳಿಯನ್ನು ಅಡಿಗೆಮನೆಯ ಕಡೆಯಿಂದ ಹಾಕಿಸಬೇಕು.