ಆಟಿಕೆಯ ಒಡಲಲ್ಲಿರುವ ಸೀಸ

ಮಗು ಕುಳಿತು ಓಡಿಸುವ ಬ್ಯಾಟರಿ ಕಾರು ಈಗ ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಯಂಗಳಕ್ಕೂ ಅದು ಬಂದಿದೆ. ಹುಟ್ಟುಹಬ್ಬಕ್ಕೆ ಬಂದ ಕಾರು ಮುಂದಿನ ಬೇಸಿಗೆಯ ಹೊತ್ತಿಗೆ ಮೂಲೆಯಲ್ಲಿ ನಿಂತಿರುತ್ತದೆ. ಹಳೆಯ ಬ್ಯಾಟರಿ ಗುಜರಿಯವನ ಚೀಲ ಸೇರುತ್ತದೆ. ಇಷ್ಟು ಸಣ್ಣ ಸಂಗತಿಗೆ ಸಂಪಾದಕೀಯವೇಕೆ ಎಂದು ಓದುಗರು ಕೇಳಬಹುದು. ಆ ಚೀಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೇ ನಮ್ಮ ಉತ್ತರ.

ಇಂತಹ ಆಟಿಕೆಗಳಲ್ಲಿ ಬಹುಪಾಲು ಇರುವುದು ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. 6 ವೋಲ್ಟಿನದರಲ್ಲಿ ಮೂರು ಕೋಶಗಳು, 12 ವೋಲ್ಟಿನದರಲ್ಲಿ ಆರು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲಿನ ಸೀಸದ ಸಲ್ಫೇಟು ಗಟ್ಟಿ ಹರಳಾಗಿ, ಮತ್ತೆ ವಿದ್ಯುತ್ತನ್ನು ಹಿಡಿಯಲಾರದ ಸ್ಥಿತಿಗೆ ಬರುತ್ತದೆ. ಬಿಸಿಲು ಇನ್ನೊಂದು ಶತ್ರು. 25 ಡಿಗ್ರಿಯ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿ ಏರಿದಂತೆ ಇದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ, ತಗಡಿನ ಸೂರಿನ ಕೆಳಗಿಟ್ಟ ಆಟಿಕೆಯ ಗತಿಯನ್ನು ಊಹಿಸಬಹುದು.

ಆದರೆ ನಿಂತುಹೋದ ಆಟಿಕೆಯ ಬ್ಯಾಟರಿಯೆಲ್ಲವೂ ಸತ್ತಿರುವುದಿಲ್ಲ. ಮೊದಲು ಫ್ಯೂಸು, ಸಡಿಲಗೊಂಡ ತಂತಿ, ಧೂಳು ಮೆತ್ತಿದ ಸ್ವಿಚ್ಚು ಮತ್ತು ಚಾರ್ಜರನ್ನು ಪರೀಕ್ಷಿಸಬೇಕು. ಊರಿನ ಯಾವ ರಿಪೇರಿಯವನ ಬಳಿಯೂ ಮಲ್ಟಿಮೀಟರ್ ಇರುತ್ತದೆ. ಪೂರ್ಣ ತುಂಬಿ ವಿಶ್ರಮಿಸಿದ 12 ವೋಲ್ಟ್ ಬ್ಯಾಟರಿ ಸುಮಾರು 12.8 ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದರ್ಥ. ಚಾರ್ಜ್ ಮಾಡಿದ ಮೇಲೂ ಕಾರು ಓಡಿಸಿದ ಕೆಲ ನಿಮಿಷಗಳಲ್ಲೇ ಒತ್ತಡ ಕುಸಿದರೆ ಮಾತ್ರ ಅದರ ಕಾಲ ಮುಗಿಯಿತೆಂದು ತಿಳಿಯಬೇಕು. ಆಗ ಅದೇ ವೋಲ್ಟಿನ, ಅದೇ ಅಳತೆಯ ಬ್ಯಾಟರಿ ಹಾಕಿದರೆ ಸಾಕು, ಹೊಸ ಕಾರು ಬೇಕಿಲ್ಲ. ಫ್ಯೂಸಿನ ಜಾಗದಲ್ಲಿ ಬರೀ ತಂತಿ ಸುತ್ತುವುದು, ಪೆಟ್ಟಿಗೆ ಒಡೆದು ಆಮ್ಲ ಸುರಿಯುವುದು ರಿಪೇರಿಯಲ್ಲ, ಅಪಾಯ. ಲಿಥಿಯಂ ಬ್ಯಾಟರಿಯಾದರೆ ಅದರದೇ ಚಾರ್ಜರ್ ಬಳಸಬೇಕು. ಉಬ್ಬಿದ್ದರೆ ಮುಟ್ಟಿ ಚಾರ್ಜ್ ಮಾಡಲೇಬಾರದು.

ಆಟ ಮುಗಿದೊಡನೆ ತಂಪಾದ ಜಾಗದಲ್ಲಿ ಚಾರ್ಜ್ ಮಾಡುವುದು, ಹೇಳಿದ ಅವಧಿ ಮೀರಿ ಬಿಡದಿರುವುದು, ಬಳಸದ ದಿನಗಳಲ್ಲೂ ತಿಂಗಳಿಗೊಮ್ಮೆ ತುಂಬುವುದು - ಇಷ್ಟೇ ಇದರ ಆರೈಕೆ.

ಇನ್ನು ಸತ್ತ ಬ್ಯಾಟರಿಯ ಮಾತು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಕಿಲೋಗೂ ಹೆಚ್ಚು ತೂಗುತ್ತದೆ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. 327 ಡಿಗ್ರಿಗೆ ಕರಗುವ ಈ ಲೋಹವನ್ನು ಒಲೆಯ ಮೇಲೂ ಕರಗಿಸಬಹುದು. ಹಾಗೆ ಹಿತ್ತಲಲ್ಲಿ ಕರಗಿಸಿದಲ್ಲಿ ಹೊಗೆ, ಧೂಳು, ಆಮ್ಲಗಳೆಲ್ಲ ನೆಲ ಸೇರುತ್ತವೆ. ಮಕ್ಕಳು ನುಂಗಿದ ಸೀಸವನ್ನು ಅವರ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಆತಂಕಕಾರಿ ಮಟ್ಟದ ಸೀಸವಿದೆಯೆಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ವರದಿ ಮಾಡಿದವು. ಬ್ಯಾಟರಿಗಳ ಅಡ್ಡಾದಿಡ್ಡಿ ಮರುಬಳಕೆಯನ್ನು ಆ ವರದಿ ಮುಖ್ಯ ಕಾರಣಗಳಲ್ಲಿ ಒಂದಾಗಿ ಎಣಿಸಿತು. ಒಂದು ಮಗುವಿನ ಆಟಿಕೆ ಇನ್ನೊಂದು ಮಗುವಿನ ಬುದ್ಧಿಯನ್ನು ಮಂಕಾಗಿಸುವ ದಾರಿ ಇದು.

2001ರ ನಿಯಮಗಳ ಜಾಗಕ್ಕೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಮನೆಯ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಒಪ್ಪಿಸುವ ಜಾಗ ಊರಿನಲ್ಲೇ ಇಲ್ಲದಿದ್ದರೆ ಕರ್ತವ್ಯ ಕಾಗದದ ಮೇಲುಳಿಯುತ್ತದೆ. ಈ ಐದೂ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಒಂದೊಂದು ಸಂಗ್ರಹ ಕೇಂದ್ರ ತೆರೆಯಲಿ, ಬ್ಯಾಟರಿ ಅಂಗಡಿಗಳು ಹಳೆಯದನ್ನು ಪಡೆದು ರಸೀದಿ ನೀಡಲಿ ಎಂಬುದು ನಮ್ಮ ಒತ್ತಾಯ.

ಶಹಾಬಾದಿನ ಹಾಸುಗಲ್ಲು ತಲೆಮಾರುಗಳ ಕಾಲ ಮನೆಯಲ್ಲಿ ಬಾಳುತ್ತದೆ. ಆ ಕಲ್ಲಿನ ಮೇಲೆ ಓಡುವ ಆಟಿಕೆಯೂ ಒಂದೆರಡು ಬೇಸಿಗೆ ಹೆಚ್ಚು ಬಾಳಲಿ. ಕಾರು ನಿಂತಾಗ ಮಗುವನ್ನೂ ಕರೆದುಕೊಂಡು ರಿಪೇರಿಯವನ ಬಳಿ ಹೋಗಿ. ಕೆಟ್ಟದ್ದನ್ನು ಸರಿಪಡಿಸಬಹುದು ಎಂಬ ಪಾಠ ಅಲ್ಲಿಯೇ ಆರಂಭವಾಗುತ್ತದೆ.